ಡೈರಿ ಮುಂದಿನ ಹಲಸಿನ ಬೆಂಚು

ನಮ್ಮ ಶೆಡ್ಡಿನಲ್ಲಿ ಒಂದು ಕಡೆ ಮೆಷಿನ್ನಿನ ಸದ್ದು, ಇನ್ನೊಂದು ಕಡೆ ಸದ್ದೇ ಇಲ್ಲದ ನಾನು. ಇವೆರಡರ ನಡುವೆ ಏನಾದರೂ ಎಡವಟ್ಟಾಗದೆ ವಾರ ಮುಗಿಯುವುದಿಲ್ಲ.

ಶೆಡ್ಡು ಇರುವುದು ಚನ್ನಪಟ್ಟಣದಲ್ಲಿ. ನಾನು ಕಂಪ್ಯೂಟರಿನಲ್ಲಿ ಬಿಡಿಸಿದ ಉಬ್ಬುತಗ್ಗುಗಳನ್ನು ಮೆಷಿನ್ನು ಹಲಗೆಯ ಮೇಲೆ ಕೆತ್ತುತ್ತದೆ. ಶೆಡ್ಡಿನ ಯಜಮಾನರು ಆಸೆಪಟ್ಟು ತಂದ ಮೆಷಿನ್ನು. ಆರ್ಡರುಗಳಿಲ್ಲದೆ ಹಾರೋಹಳ್ಳಿಯವರೊಬ್ಬರಿಗೆ ಅದನ್ನು ಮಾರುವ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ಬೆಂಚಿನ ಆರ್ಡರ್ ಬಂತು. “ಇದೊಂದು ಸರಿಯಾಗ್ ಹೋದ್ರೆ ಮೆಷಿನ್ ಇರ್ಲಿ. ಇಲ್ದಿದ್ರೆ ಅವ್ರೇ ಎತ್ಕೊಂಡ್ ಹೋಗ್ಲಿ” ಎಂದರು. ಮೆಷಿನ್ನು ಹೋದರೆ ಅದರ ಹಿಂದೆಯೇ ನಾನೂ ಮನೆಗೆ.

೧. ಕೈ ಎತ್ತಿದ್ದು

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದು ಒಂದೇ: ಮಾತಾಡುವ ಮೊದಲು ಕೈ ಎತ್ತಬೇಕು. ಮರದ ಹೊಟ್ಟು ಎಳೆಯುವ ಫ್ಯಾನಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಿಸದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹಲಗೆ ಅಲುಗಾಡುತ್ತಿತ್ತು. ಹೇಳೋಣವೆಂದು ಕೈ ಎತ್ತಿ ನಿಂತೆ.

ಯಜಮಾನರು ಹತ್ತಿರ ಬಂದು, “ಅದ್ಕೆಲ್ಲಾ ಕೇಳ್ಬೇಕೇನವ್ವ? ಹಿಂದ್ಗಡೆ ಐತೆ, ಹೋಗ್ ಬಾ” ಎಂದು ಟಾಯ್ಲೆಟ್ಟಿನ ದಾರಿ ತೋರಿಸಿದರು.

ಅದಲ್ಲ ಎನ್ನಲು ನಾಚಿಕೆ. ಸುಮ್ಮನೆ ಹೋಗಿ ಬಂದೆ. ಬರುವಷ್ಟರಲ್ಲಿ ಹಲಗೆ ನೆಲದ ಮೇಲಿತ್ತು. ಯಜಮಾನರು ಮಾತ್ರ, “ಈಗ ಆರಾಮಾ?” ಎಂದು ಕೇಳಿದರು.

೨. ಅಳತೆ ಕೊಟ್ಟಿದ್ದು

ಬೆಂಚು ಬೇಕಾಗಿದ್ದದ್ದು ಕೈಲಾಂಚದ ಕಡೆಯ ಒಂದು ಹಳ್ಳಿಗೆ. ಅಲ್ಲಿನ ಹಾಲಿನ ಡೈರಿ ಮುಂದೆ ಹಲಸಿನ ಮರವೊಂದಿತ್ತಂತೆ. ದಿನಾ ಬೆಳಿಗ್ಗೆ ನಾಲ್ಕು ಜನ ಹಿರಿಯರು ಅದರ ಕೆಳಗೆ ಕೂರುತ್ತಿದ್ದರು. ಮರ ಬಿತ್ತು. ಅದರಿಂದ ಸಿಕ್ಕಿದ್ದು ಒಂದೇ ಒಂದು ಉದ್ದನೆಯ, ದಪ್ಪ ಹಲಗೆ. ಅದರಲ್ಲೇ ನಾಲ್ವರಿಗೂ ಅವರವರ ಮೈಗೆ ಒಪ್ಪುವ ತಗ್ಗು ಬೇಕು. ಕೆಟ್ಟರೆ ಇನ್ನೊಂದು ಹಲಗೆಗೆ ಮರವೇ ಇಲ್ಲ.

ಅಳತೆ ಹೇಗೆ? ಟೇಪು ಹಿಡಿದು ಹಿರಿಯರ ಹಿಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ನಾಲ್ವರೂ ಶೆಡ್ಡಿಗೆ ಬಂದಾಗ ಯಜಮಾನರು ನೆಲದ ಮೇಲೆ ಒದ್ದೆ ಮರದಪುಡಿ ಹರಡಿಸಿ, “ಒಬ್ಬೊಬ್ರೇ ಕುಂತ್ಕಳಿ” ಎಂದರು.

ನಾಲ್ವರಲ್ಲಿ ಇಬ್ಬರು ಅಣ್ಣ ತಮ್ಮ. ತೋಟದ ಬದುವಿನ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಇಬ್ಬರಿಗೂ ಆ ಜಾಗವೇ ಬೇಕು.

“ನನ್ನ ಈ ತುದೀಗಾಕು, ಅವನ್ನ ಆ ತುದೀಗಾಕು. ಅವನ ಮಖ ನಂಗ್ ಕಾಣ್ಬಾರ್ದು ಕಣವ್ವ” ಎಂದ ಅಣ್ಣ.

“ಅವಯ್ಯನಿಗೆ ಹೇಳವ್ವ, ನಂಗೇನೂ ನೋಡೋ ಆಸೆ ಇಲ್ಲಾಂತ” ಎಂದ ತಮ್ಮ, ಅಣ್ಣನ ಪಕ್ಕದಲ್ಲೇ ನಿಂತು.

ಮಧ್ಯದ ಜಾಗ ಡೈರಿ ಸೆಕ್ರೆಟರಿಗೆ ಮತ್ತು ರಿಟೈರಾದ ಮೇಷ್ಟ್ರಿಗೆ. ಎಲ್ಲರೂ ಎದ್ದ ಮೇಲೆ ಅಣ್ಣ ತಮ್ಮಂದಿರ ಅಚ್ಚು ನೋಡಿದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೇಳಿದ್ದರೆ ಇಬ್ಬರೂ ಮತ್ತೆ ಕೂತು ಬೇರೆ ಅಚ್ಚು ಕೊಡುತ್ತಿದ್ದರು.

೩. ಮೆಟ್ಟಿಲು ಕಂಡದ್ದು

ಮೆಷಿನ್ನು ಮೊದಲ ಸುತ್ತಿನಲ್ಲಿ ಒರಟಾಗಿ, ಮೆಟ್ಟಿಲು ಮೆಟ್ಟಿಲಾಗಿ ಕೆತ್ತುತ್ತದೆ. ನುಣುಪು ಬರುವುದು ಆಮೇಲೆ. ಸೆಕ್ರೆಟರಿ ಸರಿಯಾಗಿ ಆ ಹೊತ್ತಿಗೇ ನೋಡಲು ಬಂದರು.

“ಏನವ್ವ, ಮೆಟ್ಲು ಮಾಡ್ಬುಟ್ಟಿದೀಯ? ಕುಂತಿದ್ದು ಎದ್ರೆ ಗೆರೆ ಗೆರೆ ಮೂಡ್ತದಲ್ಲಾ?”

“ಇನ್ನೂ ಫಿನಿಶಿಂಗ್ ಇದೆ ಸಾರ್” ಎಂದೆ. ಕೇಳಿಸಲಿಲ್ಲ. ಅವರು ಯಜಮಾನರ ಕಡೆ ತಿರುಗಿ, “ಇರ್ಲಿ ಬುಡಿ, ಮೇಷ್ಟ್ರು ಜಾರ್ದಂಗೆ ಗ್ರಿಪ್ಪು ಸಿಕ್ತದೆ” ಎಂದು ಒಪ್ಪಿಕೊಂಡೇಬಿಟ್ಟರು.

೪. ತಿರುಗಿಸಿದ್ದು

ಹಲಗೆ ಮೆಷಿನ್ನಿಗಿಂತ ಉದ್ದ. ಅರ್ಧ ಕೆತ್ತಿ, ಮುಂದಕ್ಕೆ ಸರಿಸಿ, ಉಳಿದರ್ಧ ಕೆತ್ತಬೇಕು. ಅಣ್ಣ ಮತ್ತು ಸೆಕ್ರೆಟರಿಯ ತಗ್ಗು ಚೆನ್ನಾಗಿಯೇ ಬಂತು. ಆದರೆ ಸರಿಸಲು ಗೋಡೆ ಅಡ್ಡ. ಎತ್ತುವವರು ಹಲಗೆಯನ್ನೇ ಹಿಂದುಮುಂದು ತಿರುಗಿಸಿ ಇಟ್ಟರು.

ಹಾಗೇ ಕೆತ್ತಿದರೆ ಉಳಿದಿಬ್ಬರಿಗೆ ಕಾಲು ಇಳಿಬಿಡುವ ಇಳಿಜಾರು ಬೆನ್ನಿನ ಕಡೆಗೆ ಬರುತ್ತದೆ. ನಾನು ಗಾಬರಿಯಿಂದ ಕೈ ಎತ್ತಿದೆ. ಯಜಮಾನರು ನೋಡಿದರು. ತಲೆಯಾಡಿಸಿ, “ಆಯ್ತು, ಆಯ್ತು” ಎಂದರು. ಅರ್ಥವಾಯಿತಲ್ಲ, ಸರಿಯಾಗಿ ತಿರುಗಿಸುತ್ತಾರೆ ಎಂದುಕೊಂಡು ಸ್ಪ್ಯಾನರ್ ತರಲು ಹೊರಗೆ ಹೋದೆ. ಅವರು ಸ್ಟಾರ್ಟ್ ಒತ್ತಿದರು.

ವಾಪಸು ಬಂದಾಗ ತಮ್ಮನೂ ಮೇಷ್ಟ್ರೂ ಹಿಂದಕ್ಕೆ ಮುಖ ಮಾಡಿ ಕೂರುವ ಹಾಗೆ ಹಲಗೆ ಸಿದ್ಧವಾಗಿತ್ತು.

ಯಜಮಾನರು ತಗ್ಗುಗಳ ಮೇಲೆ ಕೈಯಾಡಿಸಿ ನೋಡಿದರು. ಆಮೇಲೆ, “ಪಾಲಿಶ್ ಹೊಡೀರಿ. ಉಗಿಸ್ಕೊಳ್ಳೋದೇ ಆದ್ರೆ ನುಣ್ಣಗಿರೋದಕ್ಕೆ ಉಗಿಸ್ಕೊಳ್ಳಾನ” ಎಂದರು.

ಟೆಂಪೋದಲ್ಲಿ ಬೆಂಚಿನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಹಾರೋಹಳ್ಳಿಯವರ ಫೋನು. ಯಜಮಾನರು ಎತ್ತಲಿಲ್ಲ. ಡೈರಿ ಮುಂದೆ ಬೆಂಚು ಇಳಿಸಿದರು. ಅಣ್ಣ ರಸ್ತೆ ಕಡೆ ಮುಖ ಮಾಡಿ ಕೂತ. ತಮ್ಮ ತನ್ನ ತಗ್ಗಿನಲ್ಲಿ ಹಾಗೇ ಕೂತು ನೋಡಿದ, ಒತ್ತಿತು. ಎದ್ದು ಸುತ್ತಿ ಬಂದು ಆಚೆ ಕಡೆ ಕಾಲು ಇಳಿಬಿಟ್ಟ. ಸರಿಯಾಗಿ ಕೂತಿತು. ಎದುರಿಗೆ ಅವನದೇ ಹಿಪ್ಪುನೇರಳೆ ತೋಟ. ಮೇಷ್ಟ್ರೂ ಅತ್ತ ಕಡೆಯೇ ಮುಖ ಮಾಡಿ ಆರಾಮಾಗಿ ಕೂತರು.

ಅಣ್ಣ ಕತ್ತು ತಿರುಗಿಸಿ ನೋಡಿದ. ತಮ್ಮನ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

“ಭೇಷ್! ಇಷ್ಟ್ ವರ್ಷದಲ್ಲಿ ನಮ್ ಕಷ್ಟ ತಿಳ್ಕೊಂಡೋರು ಯಾರೂ ಇರ್ಲಿಲ್ಲ” ಎಂದ.

“ಅವಯ್ಯನಿಗೆ ಹೇಳಿ, ನಂಗೂ ಹಂಗೇ ಅನ್ನುಸ್ತೂಂತ” ಎಂದ ತಮ್ಮ, ತೋಟದ ಕಡೆಯಿಂದ.

ಆಗ ಯಜಮಾನರು ಫೋನ್ ಎತ್ತಿದರು. “ಮೆಷಿನ್ ಕೊಡಕಾಗಲ್ಲ ಸಾರ್, ಒಸಿ ಬಿಜಿ ಇದೀವಿ” ಎಂದರು.

ಅಣ್ಣ ಎದ್ದು ನಿಂತು ಕೇಳಿದ: “ಈ ಐಡಿಯಾ ಮಾಡಿದ್ದು ಯಾರಪ್ಪಾ?”

ಅಭ್ಯಾಸಬಲ. ನಾನು ಮೆಲ್ಲಗೆ ಕೈ ಎತ್ತಿದೆ.

ಯಜಮಾನರು ಫೋನಿಗೆ ಕೈ ಅಡ್ಡ ಹಿಡಿದು ಸೆಕ್ರೆಟರಿಯ ಕಡೆ ಬಾಗಿದರು: “ಸ್ವಾಮಿ, ಡೈರೀಲಿ ಟಾಯ್ಲೆಟ್ಟು ಎಲ್ಲೈತೆ?”