ಗುರುಪಾದನ ಘೋಷಣಾ ಪದ್ಧತಿ

ಗೋಕಾಕದ ಗುರುಪಾದನಿಗೆ ಯಾರಾದರೂ ಯಾರಿಗಾದರೂ ಕೆಲಸ ಹೇಳುವುದು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವನು ಸಾಫ್ಟ್‌ವೇರ್ ಬರೆಯುವವನು. ಒಂದು ಪ್ರೋಗ್ರಾಂ ಇನ್ನೊಂದನ್ನು ನೇರವಾಗಿ ಕರೆದು 'ಇದನ್ನು ಮಾಡು' ಎನ್ನುವುದು ಅವನ ಮತದಲ್ಲಿ ಹಳೆಯ ಗೌಡಿಕೆ. ನಡೆದದ್ದನ್ನು ಸುಮ್ಮನೆ ಘೋಷಿಸಬೇಕು. ಸಂಬಂಧಪಟ್ಟವರು ಕೇಳಿಸಿಕೊಂಡು ತಮ್ಮ ಕೆಲಸ ತಾವೇ ಮಾಡುತ್ತಾರೆ. ಈ ದಿವ್ಯಜ್ಞಾನವನ್ನು ಅವನು ಮನೆಯ ವಾಟ್ಸಾಪ್ ಗುಂಪಿಗೂ ಇಳಿಸಿದ.

ಅದೇನು ಸಲೀಸು ಅಂತೀರಿ! ತಾಯಿ ಅಕ್ಕವ್ವ 'ಹಾಲ ಮುಗದಾವು' ಎಂದು ಘೋಷಿಸಿದರೆ ಹಾಲು ಬರುತ್ತಿತ್ತು. ಗುರುಪಾದ 'ಅಂಗಿ ಗುಂಡಿ ಕಿತ್ತೈತಿ' ಎಂದು ಘೋಷಿಸಿದರೆ ಗುಂಡಿ ಬಂದು ಕೂತಿರುತ್ತಿತ್ತು. (ಹಾಲಿಗೂ ಗುಂಡಿಗೂ ಸಂಬಂಧಪಟ್ಟವಳು ಹೆಂಡತಿ ದಾನೇಶ್ವರಿ ಒಬ್ಬಳೇ ಎಂಬುದು ಈ ಸಂಶೋಧಕನ ಗಮನಕ್ಕೆ ಬರಲಿಲ್ಲ.)

ಆಫೀಸಿನ ಹೊಸ ಸಾಫ್ಟ್‌ವೇರನ್ನೂ ಹೀಗೇ ಕಟ್ಟಬೇಕೆಂದು ಅವನ ಹಟ. ಮಾಲೀಕರಾದ ಉದ್ದಪ್ಪನವರು ಒಪ್ಪಿದರೆ ಮುಖ್ಯಸ್ಥನ ಕುರ್ಚಿ ಅವನದೇ. ಅವರೋ ಹುಕ್ಕೇರಿಯವರು, ಕಣ್ಣಾರೆ ಕಾಣದೆ ಯಾವುದನ್ನೂ ಒಪ್ಪುವವರಲ್ಲ. ನಮ್ಮ ಮನೆಯೇ ಹೀಗೆ ನಡೆಯುತ್ತದೆ, ರವಿವಾರ ಊಟಕ್ಕೆ ಬಂದು ನೋಡಿ ಎಂದು ಗುರುಪಾದ ಎದೆಯುಬ್ಬಿಸಿ ಕರೆದ. ಹೆಂಡತಿಗೆ ಹೇಳಿದನೇ? ಛೆ, ಗುಂಪಿನಲ್ಲಿ ಘೋಷಿಸಿದ. ಅತ್ತೆ ಸೊಸೆ ಇಬ್ಬರೂ ಹೆಬ್ಬೆರಳಿನ ಚಿತ್ರ ಒತ್ತಿದರು.

ರವಿವಾರ ಉದ್ದಪ್ಪನವರು ಬಂದು ಕೂತರು. 'ಸಾಹೇಬ್ರು ಬಂದಾರ' ಎಂದು ಗುರುಪಾದ ಅವರೆದುರೇ ಮೊಬೈಲ್ ಒತ್ತಿದ. 'ರೊಟ್ಟಿ ಆಗಿಲ್ಲ' ಎಂದು ಅಕ್ಕವ್ವ ಘೋಷಿಸಿದಳು. ಒಬ್ಬಳೇ ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾಗಿದ್ದ ದಾನೇಶ್ವರಿ ಪಕ್ಕದ ಖೋಲಿಯಿಂದ ತಾನೂ ಘೋಷಿಸಿದಳು: 'ಒಲಿ ಹತ್ತಿಲ್ಲ.' ಗುರುಪಾದ ಬೆವರುತ್ತ 'ಊಟದ ಹೊತ್ತಾತು' ಎಂದು ಹಾಕಿದ. ಎಲ್ಲರೂ ಘೋಷಿಸುವವರೇ, ಮಾಡುವವರು ಯಾರೂ ಇಲ್ಲ. ಕೊನೆಗೆ ಉದ್ದಪ್ಪನವರೇ, ಪದ್ಧತಿಗೆ ಭಂಗ ಬಾರದಂತೆ ಗೋಡೆಯತ್ತ ತಿರುಗಿ, ತಮಗೆ ಹಸಿವಾಗಿದೆ ಎಂದರು.

ಆಗ ದಾನೇಶ್ವರಿ ಹೊರಗೆ ಬಂದಳು. ಮದುವೆಯಾದಂದಿನಿಂದ ಅವಳು ಗಂಡನನ್ನು ಕರೆದದ್ದೆಲ್ಲ 'ಏನ್ರಿ' ಎಂದೇ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅಕ್ಕವ್ವನ ಕಟ್ಟಪ್ಪಣೆಯಿತ್ತು.

"ಗುರುಪಾದ," ಎಂದಳು, "ಏಳು. ಹಿಟ್ಟ ನಾದು. ಅತ್ತಿ, ನೀವು ಉಳ್ಳಾಗಡ್ಡಿ ಹೆಚ್ರಿ."

ಅಕ್ಕವ್ವನ ಕೈಯಿಂದ ಮೊಬೈಲ್ ಜಾರಿತು. ಗುರುಪಾದ ಎದ್ದದ್ದು, ಹಿಟ್ಟಿನ ಪರಾತದ ಮುಂದೆ ಕೂತದ್ದು, ಮೊಣಕೈವರೆಗೆ ಹಿಟ್ಟಾದದ್ದು ಅವನಿಗೇ ಗೊತ್ತಾಗಲಿಲ್ಲ. ಉದ್ದಪ್ಪನವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. ಸಾಫ್ಟ್‌ವೇರ್ ಕೂಡ ಹೀಗೇ ಹೆಸರು ಹಿಡಿದು ಕರೆಯುವಂಥದ್ದೇ ಆಗಲಿ ಎಂದು ತೀರ್ಪು ಕೊಟ್ಟು, ದಾನೇಶ್ವರಿಯ ಕಡೆ ತಿರುಗಿದರು.

"ತಂಗಿ, ನೀ ಎಷ್ಟ ಓದೀಯವಾ? ಮುಖ್ಯಸ್ಥರ ಕುರ್ಚಿ ಇನ್ನೂ ಖಾಲಿ ಐತಿ."