ನೂರಕ್ಕೆ ನೂರು ತಾತ

ವಿಶ್ವವಿದ್ಯಾಲಯದ ಅಂಕಿಅಂಶ ಗುಮಾಸ್ತನ ಮೇಜಿನ ಮೇಲೆ ಬೆಳಿಗ್ಗೆ ಬಂದು ಬಿದ್ದದ್ದು ಒಂದೇ ಒಂದು ಚೀಟಿ. "ಓದು ಸಾಕು. ನನ್ನ ಸರ್ಟಿಫಿಕೇಟು ವಾಪಸ್ ಕೊಡಿ." ಬರೆದವರು ಅರವತ್ತು ದಾಟಿದ ವಿದ್ಯಾರ್ಥಿಗಳ ಗುಂಪಿನ ತಾತ. ಆ ಗುಂಪಿನಲ್ಲಿ ಇದ್ದದ್ದು ಅವರೊಬ್ಬರೇ.

ಗುಮಾಸ್ತ ಚೀಟಿಯನ್ನು ಎರಡೆರಡು ಸಲ ಓದಿದ. ಯಾವ ಯಾವ ಗುಂಪಿನಲ್ಲಿ ಎಷ್ಟು ಜನ ಓದು ಬಿಡದೆ ಉಳಿದರು ಎಂಬ ವರದಿ ಸಂಜೆ ಐದಕ್ಕೆ ಕುಲಸಚಿವರ ಕೈ ಸೇರಬೇಕಿತ್ತು. ಹಾಸ್ಟೆಲಿನವರು ನೂರಕ್ಕೆ ಎಂಬತ್ತೆಂಟು, ಮನೆಯಿಂದ ಬರುವವರು ಎಪ್ಪತ್ತೊಂದು, ತಾತ ನೂರಕ್ಕೆ ನೂರು. ತಾತ ಹೋದರೆ ಸೊನ್ನೆ! ಕುಲಸಚಿವರು ನಿನ್ನೆಯೇ ಗುಡುಗಿದ್ದರು: "ಎಲ್ಲಾದ್ರೂ ಸೊನ್ನೆ ಕಂಡ್ರೆ ನಿಮ್ಮನ್ನ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕ್ತೀನಿ." ಅಲ್ಲಿ ವರ್ಷಗಟ್ಟಲೆ ಕತ್ತಲಲ್ಲಿ ಕೂತಿದ್ದ ಹಿಂದಿನ ಗುಮಾಸ್ತ ತನ್ನ ಬೀಳ್ಕೊಡುಗೆಯ ಭಾಷಣವನ್ನು ಬೆಳಕು ತಡೆಯಲಾರದೆ ಕಣ್ಣು ಮುಚ್ಚಿಕೊಂಡೇ ಕೇಳಿದ್ದ.

ಎದ್ದು ಓಡುವಾಗಲೇ ಹೆಂಡತಿಯ ಫೋನು.

"ರೀ, ಜೇಬಲ್ಲಿ ಫಾರಂ ಇಟ್ಟಿದೀನಿ. ಇವತ್ತೇ ಕಡೇ ದಿನ. ಮರೆತುಬಿಟ್ಟೀರಿ!"

"ಹೂಂ ಹೂಂ" ಎಂದವನೇ ಮೆಟ್ಟಿಲು ಹತ್ತಿದ.

ತಾತ ಮೂರನೇ ಮಹಡಿಯ ತರಗತಿಯ ಹೊರಗೆ ಸೊಂಟ ನೀವಿಕೊಳ್ಳುತ್ತಿದ್ದರು. "ಬೆಂಚು ಮಾರಾಯ, ಬೆಂಚು! ಎರಡು ಗಂಟೆ ಕೂತ್ರೆ ಸೊಂಟ ನನ್ನದಲ್ಲ. ಮೆತ್ತನೆ ಕುರ್ಚಿ ಕೊಡು, ಇನ್ನೂ ಹತ್ತು ವರ್ಷ ಓದ್ತೀನಿ."

ಇಡೀ ಕಚೇರಿಯಲ್ಲಿ ಮೆತ್ತನೆಯದು ಗುಮಾಸ್ತನ ಕುರ್ಚಿಯೊಂದೇ. ಹೊತ್ತು ತಂದ. ಜೊತೆಗೆ ಸಲಹೆಗಾರರೂ ಬಂದರು.

"ಎಡಕ್ಕೆ ತಿರುಗಿಸಿ ಸಾರ್!" ಎಂದಳು ಟೈಪಿಸ್ಟು.

"ಬಲಕ್ಕೆ! ನಾನು ಮೂವತ್ತು ವರ್ಷ ಪುಸ್ತಕದ ಬೀರು ಸಾಗಿಸಿದವನು" ಎಂದರು ಗ್ರಂಥಪಾಲಕರು.

ಇಬ್ಬರ ಮಾತನ್ನೂ ಕೇಳಿದ ಗುಮಾಸ್ತ, ಬೇಲಿಯಲ್ಲಿ ಸಿಕ್ಕ ಎಮ್ಮೆಯ ಹಾಗೆ ಕುರ್ಚಿಸಮೇತ ಮೆಟ್ಟಿಲ ಕಂಬಿಯಲ್ಲಿ ಸಿಕ್ಕಿಕೊಂಡ. ಬಿಡಿಸುವಷ್ಟರಲ್ಲಿ ಪ್ಯಾಂಟು ಮೊಣಕಾಲಿನವರೆಗೆ ಹರಿಯಿತು, ಗಂಟೆ ನಾಲ್ಕಾಯಿತು.

ತಾತ ಕುರ್ಚಿಯಲ್ಲಿ ಕೂತು, ಎರಡು ಸಲ ಕುಣಿದು ನೋಡಿ ತಲೆಯಾಡಿಸಿದರು. "ಭೇಷ್. ಓದು ಮುಂದುವರಿಸೋ ಫಾರಂ ಎಲ್ಲಿ?"

ಗುಮಾಸ್ತ ಕೆಳಗೆ ಓಡಿದರೆ ಕೌಂಟರಿನಾಕೆ ಬೀಗದ ಕೈ ಹಿಡಿದು ನಿಂತಿದ್ದಳು. "ಫಾರಂ ಎಲ್ಲಾ ಖಾಲಿ. ತುಂಬಿದ್ದು ಇದ್ರೆ ಕೊಡಿ, ಮುಚ್ತಾ ಇದೀನಿ."

ಗುಮಾಸ್ತನಿಗೆ ತಟ್ಟನೆ ಜೇಬು ನೆನಪಾಯಿತು. ತೆಗೆದು ನೋಡಿದರೆ ಅದೇ, ಓದು ಮುಂದುವರಿಸುವ ಖಾಲಿ ಫಾರಂ! ಮತ್ತೆ ಮೇಲಕ್ಕೆ ಓಡಿಹೋಗಿ ತಾತನ ಹೆಸರು ಬರೆದ, ಸಹಿ ಹಾಕಿಸಿದ, ಇಳಿದು ಬಂದು ಕೊಟ್ಟ. ಕಿಟಕಿ ದಡಾರನೆ ಮುಚ್ಚಿತು.

ಗೆದ್ದೆ ಎಂಬ ಖುಷಿಯಲ್ಲಿ ಅವನು ನಿಂತುಕೊಂಡೇ ವರದಿ ಮುಗಿಸತೊಡಗಿದ. ತಾತ, ನೂರಕ್ಕೆ ನೂರು. ಕುಲಸಚಿವರೂ ಬಂದು ಹೆಗಲ ಮೇಲಿಂದ ಇಣುಕಿದರು. "ಪರವಾಗಿಲ್ವೇ! ಕೊನೇ ಸಾಲು ಯಾಕೆ ಖಾಲಿ?"

'ಇಲ್ಲಿಯೇ ಕೆಲಸ ಮಾಡುತ್ತ ಓದುವ ನೌಕರರು: ಒಟ್ಟು ಒಬ್ಬರು.' ಅದನ್ನು ಯಾವಾಗ ಬೇಕಾದರೂ ತುಂಬಬಹುದೆಂದು ಬಿಟ್ಟಿದ್ದ. ಬಡ್ತಿ ಸಿಗಲೆಂದು ಹೆಂಡತಿ ಹೋದ ವರ್ಷ ಹಟ ಹಿಡಿದು ಸಂಜೆ ತರಗತಿಗೆ ಸೇರಿಸಿದ್ದು ಯಾರನ್ನು, ಜೇಬಿನ ಫಾರಂ ಯಾರದು ಎಂಬುದು ಅವನಿಗೆ ಆಗ ಹೊಳೆಯಿತು. ಆ ಸಾಲಿನಲ್ಲಿ ಮೆಲ್ಲಗೆ ಸೊನ್ನೆ ಬರೆದ.

"ಸೊನ್ನೆನಾ? ಯಾರ್ರೀ ಅದು, ಓದು ಬಿಟ್ಟ ಮಹಾನುಭಾವ?"

"ನಾನೇ ಸಾರ್" ಎಂದು ಗುಮಾಸ್ತ ಹಿಂದಕ್ಕೆ ಕುಸಿದು ಕೂತ. ಕುರ್ಚಿ ಮೂರನೇ ಮಹಡಿಯಲ್ಲಿತ್ತು.