ಚಂದ್ರಿಗೆ ಕಂಡವರು

ಹೊಸೂರಿನಾಚೆ ತಳಿ ಊರ ಕಡೆ ನಮ್ಮತ್ತೆಯ ತೋಟದಲ್ಲಿ ದೆವ್ವ ಓಡಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನೀವು ಬೈಯುವಾಗ ಸ್ವಲ್ಪ ಮೆತ್ತಗೆ ಬೈದೀರಿ ಎಂಬ ಆಸೆ. ಕೆಲವರಿಗೆ ಹುಟ್ಟುತ್ತಲೇ ಹಾಡು ಬರುತ್ತದೆ, ಕೆಲವರಿಗೆ ಲೆಕ್ಕ ಬರುತ್ತದೆ, ನನಗೆ ಬೇರೆ ಮನುಷ್ಯರು ಬರುತ್ತಾರೆ. ಒಬ್ಬನನ್ನು ಐದು ನಿಮಿಷ ನೋಡಿದರೆ ಸಾಕು, ಅವನ ದನಿ ನನ್ನ ಗಂಟಲಿಗೂ ಅವನ ನಡಿಗೆ ನನ್ನ ಮೊಣಕಾಲಿಗೂ ಇಳಿದುಬಿಡುತ್ತದೆ. ಹೊಸೂರಿನಲ್ಲಿ ನಾನು ಬೋಲ್ಟು ಬಿಗಿಯುವ ಕಾರ್ಖಾನೆಯಲ್ಲಿ ಒಮ್ಮೆ ಮಿಷಿನ್ನಿನ ಹಿಂದೆ ನಿಂತು ಸೂಪರ್‌ವೈಸರ್ ದನಿಯಲ್ಲಿ, ಎಲ್ಲರೂ ಟೀಗೆ ಹೋಗಬಹುದು ಎಂದೆ. ಲೈನು ಪೂರ್ತಿ ಖಾಲಿಯಾಯಿತು. ಸೂಪರ್‌ವೈಸರ್ ಓಡಿಬಂದು ಯಾರು ಹೇಳಿದ್ದೆಂದು ಕೇಳಿದರೆ ಹತ್ತು ಜನ ಒಟ್ಟಿಗೆ, ನೀವೇ ಹೇಳಿದ್ರಲ್ಲ ಸಾರ್, ಎಂದರು. ಹೇಳಿದ್ದರೂ ಹೇಳಿರಬಹುದು ಎಂದು ಆ ಮನುಷ್ಯ ಎರಡು ದಿನ ತನ್ನನ್ನೇ ಅನುಮಾನದಿಂದ ನೋಡಿಕೊಂಡು ತಿರುಗಿದ. ಆಗ ನನಗೆ ಅದು ಬರೀ ತಮಾಷೆಯಾಗಿ ಕಂಡಿತ್ತು.

ಅತ್ತೆ ಎಂದೆನಲ್ಲ, ಅವಳು ವೆಂಕಟಮ್ಮ, ನಮ್ಮಪ್ಪನ ಅಕ್ಕ. ತಳಿಯಿಂದಾಚೆಗಿನ ಒಂದು ಹಳ್ಳಿಯಲ್ಲಿ ಕೋಸು, ಹೂವು, ಹೊಟ್ಟೆಗಷ್ಟು ರಾಗಿ ಬೆಳೆದುಕೊಂಡಿದ್ದಾಳೆ. ಹತ್ತಿರದಲ್ಲಿದ್ದ ಕುದುರೆ ಫಾರಮ್ಮೊಂದು ಮುಚ್ಚುವಾಗ ಯಾರಿಗೂ ಬೇಡವಾಗಿ ಉಳಿದಿದ್ದ ಬಿಳಿ ಹೆಣ್ಣು ಕುದುರೆಯೊಂದನ್ನು ಹೊಡೆದುಕೊಂಡು ಬಂದು, ಚಂದ್ರಿ ಎಂದು ಹೆಸರಿಟ್ಟು, ಹಸುಗಳ ಪಕ್ಕದಲ್ಲೇ ಕಟ್ಟಿಕೊಂಡಳು. ಬೇಸಾಯಗಾರರ ಮನೆಯಲ್ಲಿ ಕುದುರೆ ಯಾಕೆ ಎಂದು ಕೇಳಿದವರಿಗೆಲ್ಲ, ನೀನು ಯಾಕೆ ಇದ್ದೀಯ ಎಂದು ನಾನು ಕೇಳಿದ್ದೀನಾ ಎನ್ನುತ್ತಿದ್ದಳು. ಆದರೆ ಕೆಲಸವಿಲ್ಲದ ಕುದುರೆಗೆ ಎಷ್ಟು ದಿನ ಅಂತ ಹುರುಳಿ ಬೇಯಿಸಿ ಹಾಕುವುದು? ಅಷ್ಟರಲ್ಲಿ ಅಲ್ಲೇ ಹೊಸದಾಗಿ ಎದ್ದ ರೆಸಾರ್ಟಿನ ಮ್ಯಾನೇಜರು, ಅತಿಥಿಗಳ ಮಕ್ಕಳನ್ನು ಕೂರಿಸಲು ಸಾಧುವಾದ ಕುದುರೆ ಬೇಕು, ಶನಿವಾರ ಭಾನುವಾರ ಬಂದರೆ ಸಾಕು, ಉಳಿದ ದಿನ ನಿಮ್ಮ ಕೊಟ್ಟಿಗೆಯಲ್ಲೇ ಇರಲಿ ಎಂದ. ಒಂದು ತಿಂಗಳಿಗೆ ಬಂದು ನೋಡುತ್ತೇನೆ, ಮಗು ಪಕ್ಕದಲ್ಲಿ ನಿಂತರೆ ಅಲುಗಬಾರದು, ಕೊಡೆ ಬಿಚ್ಚಿದರೆ ಬೆದರಬಾರದು, ಅಷ್ಟೇ ಎಂದು ಕರಾರು ಹಾಕಿದ. ಅದಾಗದಿದ್ದರೆ ಚಂದ್ರಿಯನ್ನು ಮಾರುವುದೊಂದೇ ದಾರಿ; ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುವ ಜೂಜುವಾಡಿಯ ಒಬ್ಬ ಆಸಾಮಿ ಆಗಲೇ ಎರಡು ಸಲ ಬಂದು ಚಂದ್ರಿಯ ಹಲ್ಲು ನೋಡಿಕೊಂಡು ಹೋಗಿದ್ದ. ತಮಟೆ, ಪಟಾಕಿ, ಕುಡಿದು ಕುಣಿಯುವ ಗಂಡಿನ ಕಡೆಯವರು, ಇವುಗಳ ನಡುವೆ ಚಂದ್ರಿ. ಒಂದೋ ಅದು ಯಾರನ್ನಾದರೂ ತುಳಿಯುತ್ತದೆ, ಇಲ್ಲವೇ ಅದರ ಕಾಲು ಮುರಿಯುತ್ತದೆ ಎಂದು ಅತ್ತೆ ಊಟ ಬಿಟ್ಟು ಕೂತಿದ್ದಳು.

ಮುಚ್ಚಿದ ಫಾರಮ್ಮಿನಲ್ಲಿ ಮೂವತ್ತು ವರ್ಷ ಕುದುರೆ ಪಳಗಿಸಿದ್ದ ಬಾಷಾ ಸಾಬರು ಪಕ್ಕದ ಹಳ್ಳಿಯಲ್ಲಿದ್ದರು. ಸೊಂಟ ಮುರಿದು ಕೂಡಿಸಿಕೊಂಡಿದ್ದ ಅವರು ಎಡಗಾಲನ್ನು ಎಳೆದುಹಾಕುತ್ತಿದ್ದರು. ಕುದುರೆಯ ಪಕ್ಕ ನಿಲ್ಲುವ ಹಾಗಿರಲಿಲ್ಲ. ಹಾಗಾಗಿ ಬಾಯಿ ಅವರದು, ಕೈಕಾಲು ನನ್ನದು ಎಂದು ತೀರ್ಮಾನವಾಯಿತು. ನನಗೆ ಮಧ್ಯಾಹ್ನದ ಶಿಫ್ಟು. ಬೆಳಗಿನ ಜಾವವೇ ಬೈಕಿನಲ್ಲಿ ಹೊರಟರೆ ತಳಿ ಸೇರುವ ಹೊತ್ತಿಗೆ ಮೀಸೆಯ ಮೇಲೆ ಇಬ್ಬನಿ ಕೂತಿರುತ್ತಿತ್ತು. ರಾಗಿ ಕೊಯ್ದ ಹೊಲದಲ್ಲಿ ನೀಲಗಿರಿ ಗಳಗಳನ್ನು ನೆಟ್ಟು ಒಂದು ದುಂಡನೆಯ ದೊಡ್ಡಿ ಮಾಡಿದ್ದೆವು. ಅದರಾಚೆಗೆ ಒಂದು ಪ್ಲಾಸ್ಟಿಕ್ ಸ್ಟೂಲು, ಸ್ಟೂಲಿನ ಮೇಲೆ ಸಾಬರು, ಒಳಗೆ ನಾನು, ಚಂದ್ರಿ, ಉದ್ದನೆಯ ಹಗ್ಗ. ಹತ್ತಿ ಸವಾರಿ ಮಾಡುವುದೆಂದು ನಾನು ಕೂಲಿಂಗ್ ಗ್ಲಾಸ್ ಕೂಡ ತಂದಿದ್ದೆ. ಸಾಬರು ಅದನ್ನು ಕಳಚಿಸಿದರು. ಬೆನ್ನಿನ ಮಾತು ಈಗ ಬೇಡ, ಮೊದಲು ನೆಲದ ಮೇಲೆ ನಡೆ ಎಂದರು. ನಾನು ನಡೆದರೆ ಅದು ನಡೆಯಬೇಕು, ನಿಂತರೆ ನಿಲ್ಲಬೇಕು, ನಾನು ಎದೆ ಮುಂದೆ ಮಾಡಿದರೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಪಕ್ಕೆಗೆ ಎರಡು ಬೆರಳು ಒತ್ತಿ ಕಾಯಬೇಕು, ಅದು ಸರಿದ ಆ ಕ್ಷಣವೇ ಬೆರಳು ತೆಗೆಯಬೇಕು. ತಡವಾದರೆ ಕುದುರೆ ಕಲಿಯುವುದೇ ಬೇರೆ. ಇಂದು ಹೇಗೆ ಕೇಳಿದೆಯೋ ನಾಳೆಯೂ ಹಾಗೇ ಕೇಳಬೇಕು. ನಾನು ನಡುವೆ ಚಂದ್ರಿಯನ್ನು ಹೊಗಳಿ ಪುಸಲಾಯಿಸಲು ಹೋದರೆ ಸಾಬರು ಸ್ಟೂಲಿನಿಂದಲೇ ಹೇಳಿದರು:

"ಬಾಯಿ ಮುಚ್ಚು ತಮ್ಮ. ಕುದ್ರೆ ಮಾತು ಕೇಳಲ್ಲ, ಕಾಲು ಕೇಳ್ತದೆ."

ಮೊದಲ ನಾಲ್ಕು ದಿನ ಹೆದರಿಕೆಯಿಂದ ನಾನು ಮರದ ಗೊಂಬೆಯ ಹಾಗೆ ನಡೆದೆ. ಚಂದ್ರಿ ಚೆನ್ನಾಗಿ ಕಲಿಯಿತು. ಐದನೆಯ ದಿನ ನನಗೆ ಭಯ ಹೋಯಿತು, ಅನಾಹುತ ಅಲ್ಲಿಂದ ಶುರುವಾಯಿತು. ಸುತ್ತಿದ್ದೇ ಸುತ್ತುವುದು ಬೇಸರವಾಗಿ ಒಂದು ದಿನ ಸೂಪರ್‌ವೈಸರ್ ನಡಿಗೆಯಲ್ಲಿ, ಹೊಟ್ಟೆಯನ್ನು ಒಂದು ಅಡಿ ಮುಂದೆ ಕಳಿಸಿ ನಡೆದೆ. ಹಾಲು ಕರೆಯುತ್ತಿದ್ದ ಅತ್ತೆ ನಕ್ಕು ನಕ್ಕು ಕೆಚ್ಚಲು ಬಿಟ್ಟಳು. ಮರುದಿನ ತಳಿ ಬಸ್ಸಿನ ಕಂಡಕ್ಟರಾದೆ, ಮತ್ತೊಂದು ದಿನ ಹೂವಿಗೆ ಬರುವ ತೆಲುಗಿನ ದಲ್ಲಾಳಿಯಾದೆ. ಸಾಬರು ಸಂತೆಗೆ ಹೋದ ದಿನ ಸಾಬರೇ ಆಗಿ ಎಡಗಾಲು ಎಳೆದುಕೊಂಡು ಸುತ್ತಿದೆ. ಆವತ್ತು ಚಂದ್ರಿ ನಿಂತುಬಿಟ್ಟಿತು. ಮಂಜು ಎಷ್ಟಿತ್ತೆಂದರೆ ಬಿಳಿ ಕುದುರೆ ಅದರಲ್ಲಿ ಕರಗಿಹೋಗಿ, ಎರಡು ಕಪ್ಪು ಕಣ್ಣು ಮಾತ್ರ ಗಾಳಿಯಲ್ಲಿ ತೇಲುತ್ತಿರುವ ಹಾಗಿತ್ತು. ಆ ಕಣ್ಣು ನನ್ನನ್ನು ನೋಡಿತು. ಆಮೇಲೆ ಖಾಲಿ ಸ್ಟೂಲನ್ನು ನೋಡಿತು. ಮತ್ತೆ ನನ್ನನ್ನು, ಆಮೇಲೆ ನನ್ನ ಹೆಗಲಿನಾಚೆ ಯಾರೂ ಇಲ್ಲದ ಜಾಗವನ್ನು ನೋಡಿತು. ಸಾಬರ ದನಿಯಲ್ಲಿ "ಚಲ್ ಬೇಟಿ" ಎಂದೆ. ಅದು ಮೂಗಿನ ಹೊಳ್ಳೆ ಅರಳಿಸಿ ಬುಸ್ಸೆಂದಿತು. ನಿಜ ಹೇಳಬೇಕೆಂದರೆ ನಾನೂ ಒಂದು ಸಲ ಆ ಸ್ಟೂಲಿನ ಕಡೆ ತಿರುಗಿ ನೋಡಿದೆ.

ಅಂದಿನಿಂದ ನಾನು ದೊಡ್ಡಿಯೊಳಗೆ ಕಾಲಿಟ್ಟರೆ ಚಂದ್ರಿಯ ಮೈಚರ್ಮ ಅದುರುತ್ತಿತ್ತು. ನಾನು ಒಬ್ಬನೇ ಬಂದರೂ ನನ್ನ ಹಿಂದೆ ಸಾಲಾಗಿ ಯಾರೋ ಬರುತ್ತಿರುವಂತೆ ಒಬ್ಬೊಬ್ಬರನ್ನಾಗಿ ಕಣ್ಣಲ್ಲೇ ಎಣಿಸುತ್ತಿತ್ತು. ಪಕ್ಕದ ತೋಟದ ಚಿಕ್ಕಣ್ಣ ಇದನ್ನು ನೋಡಿ, ಆ ಮೂಲೆಯ ಹುಣಸೆ ಮರದ್ದೇ ಕಾಟ, ಕುದುರೆಗೆ ಗಾಳಿ ಕಾಣುತ್ತದೆ ಎಂದು ತೀರ್ಪು ಕೊಟ್ಟ. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹೌದು ಚಿಕ್ಕಣ್ಣ, ನಂಗೂ ಯಾರೋ ಹೆಜ್ಜೆಗೆ ಹೆಜ್ಜೆ ಹಾಕಿದಂಗಾಯ್ತದೆ ಎಂದು ಕಣ್ಣು ದೊಡ್ಡದು ಮಾಡಿ ಹೇಳಿದೆ. ಊರೆಲ್ಲ ಸುದ್ದಿಯಾಯಿತು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು, ಗಳಗಳಿಗೆ ಬೇವಿನ ಸೊಪ್ಪು ಕಟ್ಟಿದಳು, ದರ್ಗಾದಿಂದ ದಾರ ತರಿಸಿ ಚಂದ್ರಿಯ ಕುತ್ತಿಗೆಗೆ ಹಾಕಿದಳು. ಅಷ್ಟೆಲ್ಲ ರಕ್ಷೆಯನ್ನು ದಾಟಿಕೊಂಡು ಪ್ರತಿ ಬೆಳಿಗ್ಗೆ ಹೆಲ್ಮೆಟ್ ಹಾಕಿದ ದೆವ್ವ ಬೈಕಿನಲ್ಲಿ ಬಂದಿಳಿಯುತ್ತಿತ್ತು, ಅತ್ತೆ ಅದಕ್ಕೆ ಕಾಫಿ ಕೊಡುತ್ತಿದ್ದಳು.

ಮ್ಯಾನೇಜರು ಬರಲು ಹತ್ತು ದಿನವಿದ್ದಾಗ ಅತ್ತೆ ಹುರುಳಿಯ ಬಕೆಟ್ಟು ಹಿಡಿದು ದೊಡ್ಡಿಯೊಳಗೆ ಬಂದಳು. ಅವಳನ್ನು ನಗಿಸೋಣವೆಂದು ನಾನು, ಬೆನ್ನು ಬಾಗಿಸಿ, ಸೊಂಟಕ್ಕೆ ಕೈಕೊಟ್ಟು, ಅವಳದೇ ನಡಿಗೆಯಲ್ಲಿ ಎದುರಿಗೆ ಹೋದೆ. ಚಂದ್ರಿ ಆ ಅತ್ತೆಯನ್ನು ನೋಡಿತು, ಈ ಅತ್ತೆಯನ್ನು ನೋಡಿತು. ಆಮೇಲೆ ನನಗೆ ಗೊತ್ತಾದದ್ದು ಹಗ್ಗ ಅಂಗೈಯನ್ನು ಸುಡುತ್ತಾ ಜಾರಿಹೋದದ್ದು ಮಾತ್ರ. ಕುದುರೆ ಎರಡು ಕಾಲಿನ ಮೇಲೆ ಎದ್ದು, ತಿರುಗಿ, ಅತ್ತೆಯನ್ನು ಗಳಕ್ಕೆ ಒತ್ತಿ ಆಚೆಗೆ ಹಾರಿತು. ಗೊರಸು ಊರಿದ ಗುರುತು ಅತ್ತೆಯ ತಲೆ ಬಿದ್ದಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿತ್ತು. ಅವಳ ಮಣಿಕಟ್ಟು ಊದಿಕೊಂಡು ಕೋಸಿನಷ್ಟಾಯಿತು. ಕಟ್ಟು ಹಾಕಿಸಿಕೊಂಡು ಬಂದವಳು ನನ್ನನ್ನು ಬೈಯಲಿಲ್ಲ. ಜೂಜುವಾಡಿಯವನಿಗೆ ಫೋನು ಮಾಡಲೇನೋ ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಸಾಬರು ಚಂದ್ರಿಯನ್ನು ಕಟ್ಟಿಹಾಕಿಸಿ, ಕುದುರೆಯಿಲ್ಲದೆ ಒಬ್ಬನೇ ನಡೆ, ನೋಡುತ್ತೇನೆ ಎಂದರು. ನಾನು ಬಲು ಸಭ್ಯನಾಗಿ ಒಂದು ಸುತ್ತು ಬಂದೆ. ಇದು ನಿಮ್ಮ ಸೂಪರ್‌ವೈಸರ್ ಎಂದರು. ಅವನನ್ನು ಬಿಟ್ಟು ಇನ್ನೊಂದು ಸುತ್ತು ಬಂದೆ. ಇದು ಕಂಡಕ್ಟರ್ ಎಂದರು. ಮೂರನೆಯ ಸುತ್ತಿಗೆ ನಕ್ಕು, ಇದು ನಾನು, ಸೊಂಟ ಮಾತ್ರ ನನಗಿಂತ ಚೆನ್ನಾಗಿದೆ ಎಂದರು. ಮತ್ತೆ ನಗಲಿಲ್ಲ.

"ವಾಸನೆ ಒಂದೇ, ದಿನಾ ಬರೋ ಮನುಷ್ಯ ಬೇರೆ. ಅದಕ್ಕೆ ಇನ್ನೇನು ದೆವ್ವ ಬೇಕು ತಮ್ಮ? ನಾನಾಗಿದ್ರೂ ಒದೀತಿದ್ದೆ. ನಾಳೆಯಿಂದ ನಿನ್ನ ನಡಿಗೆ ನಡಿ."

ಇಷ್ಟೇ ತಾನೇ ಎಂದುಕೊಂಡೆ. ಅಂದು ಶಿಫ್ಟು ಮುಗಿಸಿ ಕಾರ್ಖಾನೆಯ ಗೇಟಿನವರೆಗೆ ನನ್ನ ನಡಿಗೆಯಲ್ಲಿ ನಡೆಯಲು ನೋಡಿದೆ, ಕಾಲು ಏಳಲಿಲ್ಲ. ಕೈ ಬೀಸಿದರೆ ಅದು ನಮ್ಮ ಹೈಸ್ಕೂಲಿನ ಮೇಷ್ಟ್ರದು. ಬೀಸದಿದ್ದರೆ ಕ್ಯಾಂಟೀನಿನ ಸೆಲ್ವಂನದು. ತಲೆ ಎತ್ತಿದರೆ ಒಬ್ಬ, ತಗ್ಗಿಸಿದರೆ ಮತ್ತೊಬ್ಬ. ಗೆಳೆಯನ ಕೈಗೆ ಫೋನು ಕೊಟ್ಟು, ನಾನು ಮರೆತಿರುವಾಗ ವೀಡಿಯೊ ತೆಗೆ ಎಂದೆ. ಅದರಲ್ಲಿ ನನ್ನ ಅಂಗಿ ತೊಟ್ಟ ಯಾರೋ ಒಬ್ಬ ಬರುತ್ತಿದ್ದ. ಯಾರದೋ ಮನೆಯೊಳಗೆ ಇಷ್ಟು ವರ್ಷ ಬಾಡಿಗೆಗಿದ್ದು, ಒಂದು ದಿನ ಮನೆಯವರನ್ನು ಕೂಗಿದರೆ ಒಳಗಿಂದ ಉತ್ತರವೇ ಬರದ ಹಾಗಿತ್ತು ನನ್ನ ಸ್ಥಿತಿ. ಕುದುರೆ ನನ್ನ ಹಿಂದೆ ಅಷ್ಟು ಜನರನ್ನು ಎಣಿಸುವಾಗ ನನ್ನನ್ನೂ ಎಣಿಸುತ್ತಿತ್ತೋ ಇಲ್ಲವೋ ಎಂಬ ಯೋಚನೆ ಬಂದು, ನಗುವ ವಿಷಯವೇ ಆದರೂ ನನಗೆ ನಗು ಬರಲಿಲ್ಲ.

ಮೂರು ಬೆಳಿಗ್ಗೆ ಹೀಗೇ ಹಾಳಾದವು. ನಾಲ್ಕನೆಯ ದಿನ ಸಾಬರು ನನ್ನ ಎರಡೂ ಕೈಗೆ ತುಂಬಿದ ಕೊಡ ಕೊಟ್ಟು, ಸಾಕು ಎನ್ನುವ ತನಕ ಸುತ್ತು ಎಂದರು. ಹತ್ತು ಸುತ್ತಿನವರೆಗೆ ನಾನು ಯಾರ್‍ಯಾರೋ ಆಗಿದ್ದೆ. ಇಪ್ಪತ್ತಕ್ಕೆ ತೋಳು ಕಿತ್ತುಬರುತ್ತಿತ್ತು, ಅನುಕರಣೆಗೂ ಶಕ್ತಿ ಬೇಕು ಎಂಬ ಜ್ಞಾನೋದಯವಾಯಿತು. ಆಮೇಲೆ ಎಣಿಕೆ ತಪ್ಪಿತು. ಮಂಜು ಮುಖಕ್ಕೆ ಒತ್ತಿಕೊಂಡಿತ್ತು, ಸ್ಟೂಲೂ ಕಾಣುತ್ತಿರಲಿಲ್ಲ. ಕೊಯ್ದ ರಾಗಿಯ ಕೂಳೆಯ ಮೇಲೆ ಒಂದು ಸಪ್ಪಳ ಕೇಳಿಸತೊಡಗಿತು. ಎಡ ಹಿಮ್ಮಡಿ ಗಟ್ಟಿಯಾಗಿ ಊರಿ, ಬಲಗಾಲು ಒಂದು ಚೂರು ತಡವಾಗಿ, ಏನೋ ನೆನಪಿಸಿಕೊಂಡ ಹಾಗೆ ಬರುವ ಸಪ್ಪಳ. ಯಾರಪ್ಪಾ ಇದು ಎಂದು ನಿಂತೆ. ಅದೂ ನಿಂತಿತು. ನಡೆದೆ, ಅದೂ ನಡೆಯಿತು. ನನ್ನ ಕಾಲಿನದೇ ಸಪ್ಪಳವೆಂದು ತಿಳಿಯಲು ಅರ್ಧ ಸುತ್ತು ಬೇಕಾಯಿತು. ಇಂಥ ಹೆಜ್ಜೆಯನ್ನು ನಾನು ಯಾರಿಂದಲೂ ಎತ್ತಿಕೊಂಡಿರಲಿಲ್ಲ. ಎಷ್ಟು ಯೋಚಿಸಿದರೂ ಇದಕ್ಕೆ ಒಂದು ಮುಖ ಹೊಂದಲಿಲ್ಲ. ಆಗ ಕುತ್ತಿಗೆಯ ಮೇಲೆ ಬಿಸಿಯುಸಿರು ಬಿತ್ತು. ಸಾಬರು ಯಾವಾಗಲೋ ಚಂದ್ರಿಯನ್ನು ಒಳಗೆ ಬಿಟ್ಟಿದ್ದರು. ಹಗ್ಗವಿಲ್ಲ, ಏನಿಲ್ಲ, ಅದು ನನ್ನ ಹಿಂದೆ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಬರುತ್ತಿತ್ತು, ನನ್ನ ಹೆಗಲಿನಾಚೆ ನೋಡದೆ, ಯಾರನ್ನೂ ಎಣಿಸದೆ.

ಉಳಿದ ದಿನಗಳಲ್ಲಿ ಆ ಹೆಜ್ಜೆಯನ್ನು ಬಿಡದೆ ಹಿಡಿದುಕೊಂಡೆ. ಬಸ್ಸಿಳಿದು ಬರುವವರನ್ನು ನೋಡಿದರೆ ಎಲ್ಲಿ ಕಳೆದುಹೋಗುತ್ತದೋ ಎಂದು ನೆಲ ನೋಡಿಕೊಂಡು ತಿರುಗಿದೆ. ಗೊಬ್ಬರದ ಚೀಲ ಪಟಪಟ ಬಡಿದರೂ, ಕೊಡೆ ಬಿಚ್ಚಿದರೂ ಚಂದ್ರಿ ಮೊದಲು ನನ್ನ ಕಾಲನ್ನು ನೋಡುತ್ತಿತ್ತು. ಕಾಲು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತಿತ್ತು. ಮ್ಯಾನೇಜರು ತನ್ನ ಮಗಳನ್ನೇ ಕರೆದುಕೊಂಡು ಬಂದ. ಹಗ್ಗ ಸಡಿಲ ಬಿಟ್ಟು ನಾನು ಮೂರು ಸುತ್ತು ಬಂದು ನಿಂತೆ, ಚಂದ್ರಿ ನಿಂತಿತು. ಆ ಹುಡುಗಿ ಮುಂಗಾಲಿನ ಪಕ್ಕ ನಿಂತು ಸೀನಿದಳು, ಕಿರುಚಿದಳು, ಕೊನೆಗೆ ತಟ್ಟೆಯೊಂದನ್ನು ಕಲ್ಲಿನ ಮೇಲೆ ಬೀಳಿಸಿದಳು. ಚಂದ್ರಿ ಒಂದು ಕಿವಿ ಮಾತ್ರ ಆ ಕಡೆ ತಿರುಗಿಸಿ, ತಲೆ ತಗ್ಗಿಸಿ ಅವಳ ಜಡೆ ಮೂಸಿತು. ಮ್ಯಾನೇಜರು ಬರುವ ಶನಿವಾರದಿಂದಲೇ ಕಳಿಸಿ ಎಂದು ಹೇಳಿ ಹೋದ. ಸಾಬರು ಸ್ಟೂಲಿನ ಮೇಲೆಯೇ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು.

ಅತ್ತೆ ಮಾತ್ರ ಅಲುಗಲಿಲ್ಲ. ಕಟ್ಟು ಹಾಕಿದ ಕೈಯನ್ನು ಎದೆಗವುಚಿಕೊಂಡು ಗಳದ ಆಚೆ ನಿಂತಿದ್ದಳು. ಮಣಿಕಟ್ಟಿಗೆ ಪೆಟ್ಟಾದ ಮೇಲೆ ಅವಳು ದೊಡ್ಡಿಯ ಕಡೆ ಬಂದದ್ದು ಅಂದೇ ಮೊದಲು. ಅವಳ ಕಣ್ಣು ಕುದುರೆಯ ಮೇಲಿರಲಿಲ್ಲ, ನನ್ನ ಕಾಲಿನ ಮೇಲಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಸಂತೋಷ ಹೆಚ್ಚಾದರೆ ಹೆಂಗಸರು ಹೀಗಾಗುತ್ತಾರೆಂದು ತಿಳಿದು ನಾನು ಜಂಬದಿಂದಲೇ ಅವಳ ಹತ್ತಿರ ಹೋದೆ.

"ನೋಡ್ದ್ಯಾ ಅತ್ತೆ, ಕೊನೆಗೂ ನನ್ನ ನಡಿಗೆ ನಂಗೆ ಸಿಕ್ತು. ಇದೊಂದು ಯಾರ್ದೂ ಅಲ್ಲ."

ಅತ್ತೆ ನನ್ನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತಾ, ಕಾಲಿಗೇ ಹೇಳುವ ಹಾಗೆ ಹೇಳಿದಳು:

"ಅದು ನಿಮ್ಮಪ್ಪಂದು ಕಣ್ಲಾ. ನೀನಿನ್ನೂ ತೊಟ್ಲಲ್ಲಿದ್ದಾಗ್ಲೇ ತೀರ್ಕೊಂಡ್ಬುಟ್ಟೋನ್ನ ಯಾವಾಗ್ಲಾ ನೋಡ್ಕೊಂಡೆ?"